ಮಹಡಿಯ ಹದಿನಾರು ಪುಟ

ಅಪ್ಪಾ,

ಸಿಟ್ಟಿನಿಂದಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ.

ನಮ್ಮ ವಾರಪತ್ರಿಕೆಯ ‘ಹಳೇ ದೆವ್ವಗಳು’ ಅಂಕಣಕ್ಕೆ, ಚಿಕ್ಕವಳಿದ್ದಾಗ ಓದಿದ್ದ ಆ ಮಹಡಿ ಮನೆಯ ಕಾದಂಬರಿಯನ್ನು ನಮ್ಮೂರ ಗ್ರಂಥಾಲಯದಿಂದಲೇ ತರಿಸಿ ವಿಮರ್ಶೆ ಬರೆದೆ. ತಾಯಿ ದೀಪ ಹಿಡಿದು ಮಹಡಿ ಹತ್ತುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಮೇಲೆ ಏನಾಯಿತೆಂದು ಹೇಳದಿರುವುದೇ ಲೇಖಕರ ಎದೆಗಾರಿಕೆ ಎಂದು ಹಾಡಿ ಹೊಗಳಿದೆ. ಪುಟಸಂಖ್ಯೆ ಎಂಬತ್ತರಿಂದ ತೊಂಬತ್ತೇಳಕ್ಕೆ ಹಾರಿದ್ದನ್ನೂ ಚಮತ್ಕಾರವೆಂದೆ!

ನಿನ್ನೆ ಓದುಗರೊಬ್ಬರು ಫೋನ್ ಮಾಡಿದರು. “ಮೇಡಂ, ನನ್ನ ಹತ್ರ ಇರೋ ಪ್ರತೀಲಿ ಅಲ್ಲಿ ಹದಿನಾರು ಪುಟ ಇದೆ. ತಾಯಿ ಮೇಲೇನೇ ಸತ್ತುಹೋಗ್ತಾಳೆ. ಕೆಳಗೆ ಬರೋದು ದೆವ್ವ.”

ಪುಸ್ತಕದ ಬೆನ್ನು ಬಿಚ್ಚಿ ನೋಡಿದೆ. ನಿನ್ನ ಹಸಿರು ದಾರ, ನಿನ್ನದೇ ಗಂಟು. ನೀನು ಬೈಂಡ್ ಮಾಡಿಕೊಟ್ಟ ವರ್ಷ ಒಳರಟ್ಟಿನಲ್ಲಿದೆ. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ಅದು. ದಿನಾ ಸಂಜೆ ನಿನ್ನ ಅಂಗಡಿಯಲ್ಲಿ ಕೂತು, ರಿಪೇರಿಗೆ ಬಂದದ್ದನ್ನೆಲ್ಲ ಓದುತ್ತಿದ್ದೆ. “ಅಪ್ಪಾ, ಆ ಅಮ್ಮ ವಾಪಸ್ ಬಂದ್ಲು!” ಎಂದು ನಾನು ಕೂಗಿದಾಗ ನೀನು ಅಂಟು ಬಳಿಯುತ್ತಲೇ “ಹೂಂ” ಅಂದಿದ್ದೆ. ಆ ಹದಿನಾರು ಪುಟ ಬಿಟ್ಟು ಹೊಲಿದದ್ದು ನೀನೇ ತಾನೆ?

ಈಗ ತಿದ್ದುಪಡಿ ಬರೆಯಬೇಕು, ನನ್ನ ಮರ್ಯಾದೆ ಪ್ರಶ್ನೆ. ತುಂಡು ಕಾಗದವನ್ನೂ ಎಸೆಯದವನು ನೀನು. ಆ ಪುಟಗಳು ಎಲ್ಲೋ ಇದ್ದೇ ಇರುತ್ತವೆ. ಭಾನುವಾರ ಅಮ್ಮ ಇಲ್ಲಿಗೆ ಬರುತ್ತಾಳಲ್ಲ, ಅವಳ ಕೈಲಿ ಕಳಿಸು. ಬಸ್ಸಿನಲ್ಲಿ ಅವಳು ಬಿಚ್ಚಿ ಓದದ ಹಾಗೆ ನಾಲ್ಕೂ ಕಡೆ ಹೊಲಿದು ಕೊಡು.

ಇಂತಿ,
ಹದಿನಾರು ಪುಟ ಕಡಿಮೆ ಓದಿದ ನಿನ್ನ ಮಗಳು