ಏಳನೇ ನಂಬರ್ ದೋಣಿ

ರೀ,

ಅಕ್ಕನ ಜೊತೆ ಏಳು ಗಂಟೆ ಬಸ್ಸಿಗೆ ಹೊರಟೆ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ನಾವು ಹೋಗ್ತಿರೋ ಊರಲ್ಲಿ ಏನು ನೋಡಬೇಕು, ಏನು ತಿನ್ನಬೇಕು ಅಂತ ನೀವು ಬರೆದುಕೊಟ್ಟ ಪಟ್ಟಿ ಓದಿದೆ. ತಿಂಗಳಿಗೊಂದ್ಸಲ ತಕ್ಕಡಿ ರಿಪೇರಿಗೆ ಹೋಗಿ, "ಅಲ್ಲಿ ಟೀ ಕುಡಿಯಕ್ಕೂ ಪುರುಸೊತ್ತಿಲ್ಲ ಕಣೇ" ಅಂತಿದ್ದವರಿಗೆ ಬೇಕರೀಲಿ ಬಿಸಿ ಕೇಕು ಎಷ್ಟು ಗಂಟೆಗೆ ಬರುತ್ತೆ ಅಂತ ಗೊತ್ತು! ಹೋಗ್ಲಿ, ಹೊಟ್ಟೆಪಾಡು ಅಂದ್ಕೊಂಡೆ.

ಆದ್ರೆ "ಕೆರೇಲಿ ತುಳಿಯೋ ದೋಣಿ ಇದೆ, ಏಳನೇ ನಂಬರೇ ತಗೊಳ್ಳಿ, ಇಬ್ಬರೂ ಸಮಸಮ ತುಳೀರಿ, ಇಲ್ದಿದ್ರೆ ಗಿರಗಿರ ಸುತ್ತುತ್ತೆ" ಅಂತ ಬೇರೆ ಬರೆದಿದೀರಲ್ಲ? ಮಂಡಿನೋವು ಅಂತ ನಮ್ಮ ಮಹಡಿ ಹತ್ತದವರು ಅಲ್ಲಿ ಯಾರ ಜೊತೆ ಸಮಸಮ ತುಳಿದ್ರಿ?

ಗೋಡೆ ಮೇಲಿದ್ದ ನಿಮ್ಮ ಫೋಟೊ ಹುಡುಕಬೇಡಿ. ನನ್ನ ಬ್ಯಾಗಲ್ಲಿದೆ. ದೋಣಿಯವನಿಗೆ ತೋರಿಸಿ, ಸಂಜೆಗೆ ಬರ್ತೀನಿ.