ಹಳೆಯ ಡಬ್ಬದ ಚಮಚ

ಕೆಳಗಿನ ಮನೆಯ ಕುವಾಬಾರಾ ಅಮ್ಮನವರಿಗೆ,

ಮಗು ಬಿಡದೆ ಅಳುತ್ತದೆಂದು ನಗರ ಕಚೇರಿಗೆ ಫೋನ್ ಮಾಡಿದ್ದು ನೀವೇ ಎಂದು ಮೊನ್ನೆ ಮೆಟ್ಟಿಲ ಬಳಿ ಹೇಳಿದಿರಿ. ನಾನು ಮುಖ ತಿರುಗಿಸಿಕೊಂಡು ಬಂದೆ. ಕ್ಷಮಿಸಿ.

ಆ ಫೋನಿನಿಂದಾಗಿಯೇ ಇಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸ್ ತ್ಸುರುತಾ ಬಂದು ನನ್ನ ಮಗ ಸೋಸುಕೆಯನ್ನು ತೂಗಿದರು. ಮೂರು ವಾರದಲ್ಲಿ ಐವತ್ತು ಗ್ರಾಂ ಮಾತ್ರ ಏರಿದ್ದಾನೆ. ಡಬ್ಬದ ಹಾಲಿನ ಪುಡಿ ಕಲಸುವ ಕ್ರಮವನ್ನು ನಾನು ಪಟಪಟನೆ ಒಪ್ಪಿಸಿದೆ.

"ಬಾಯಲ್ಲಿ ಹೇಳೋದಾದ್ರೆ ಎಲ್ಲ ತಾಯಂದ್ರೂ ನೂರಕ್ಕೆ ನೂರು ತಗೋತಾರೆ ಕಣಮ್ಮ. ದಿನಾ ಮಾಡೋ ಹಾಗೆ ಮಾಡಿ, ನಾನು ನೋಡ್ತೀನಿ," ಎಂದರು.

ಡಬ್ಬದ ಮೇಲೆ ಬರೆದಂತೆ ಮೂರು ಚಮಚ ಪುಡಿ ಹಾಕಿದೆ. ಅವರು ನನ್ನ ಕೈ ಹಿಡಿದರು.

"ಈ ಚಮಚ ಇದೇ ಡಬ್ಬದ್ದಾ?"

ಅಲ್ಲ. ಆಸ್ಪತ್ರೆಯವರು ಕೊಟ್ಟ ಮೊದಲ ಡಬ್ಬದ್ದು. ಮೂರು ವಾರದ ಹಿಂದೆ ಬೇರೆ ಪುಡಿ ತಂದಾಗ, ದಿನವೂ ಕುದಿಸಿಟ್ಟ ಚಮಚ ಇದೆಯಲ್ಲ ಎಂದು ಹೊಸದನ್ನು ಎಸೆದಿದ್ದೆ. ಆ ಹೊಸ ಚಮಚ ಇದರ ಎರಡರಷ್ಟು ದೊಡ್ಡದಂತೆ. ಅಷ್ಟು ದಿನವೂ ನನ್ನ ಮಗು ಅರೆಹೊಟ್ಟೆಯಲ್ಲಿ ಅಳುತ್ತಿತ್ತು. ನಾನು ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ.

ಡಾಕ್ಟರು ನೋಡಿ, ಚೇತರಿಸಿಕೊಳ್ಳುತ್ತಾನೆ ಎಂದಿದ್ದಾರೆ. ಮಧ್ಯಾಹ್ನ ಹೊಟ್ಟೆ ತುಂಬ ಕುಡಿದವನು ಇನ್ನೂ ಎದ್ದಿಲ್ಲ. ನಿಮಗೂ ಕೆಳಗೆ ಸದ್ದು ಕೇಳಿಸುತ್ತಿರಲಾರದು. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಎದ್ದೆದ್ದು ಹೋಗಿ ಅವನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೇನೆ.

ಒಂದು ಕೋರಿಕೆ. ಸರಿಯಾದ ಚಮಚ ಈಗ ಮನೆಯಲ್ಲಿದೆ, ಆದರೆ ನನ್ನ ಕೈಯನ್ನು ನಾನೇ ನಂಬಲಾರೆ. ಸಂಜೆ ಆರಕ್ಕೆ ಮೇಲೆ ಬಂದು, ನಾನು ಹಾಲು ಕಲಸುವಾಗ ಪಕ್ಕದಲ್ಲಿ ನಿಂತಿರಿ. ಏನೂ ಮಾತಾಡಬೇಕಾಗಿಲ್ಲ. ನೋಡಿದರೆ ಸಾಕು.

ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.

ಮೇಲಿನ ಮನೆಯ
ಶಿಹೊ