ನಮ್ಮ ಮನೆಯ ಮಂಡಿನೋವನ್ನು ವಿಮಾನ ಹತ್ತಿಸಿದವರಿಗೆ

ಪೈಲಟ್‌ಗಳ ಆರೋಗ್ಯ ತೀರ್ಮಾನಿಸುವ ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮನ ಮಗಳು ಸೌಂದರ್ಯ ಯುದ್ಧವಿಮಾನದ ಪೈಲಟ್. ಮೂವತ್ತು ಸಾವಿರ ಅಡಿ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿಯಿತು. ಇಳಿದ ಮೇಲೆ ಅವಳ ಭುಜ, ಮೊಣಕೈ ಹಿಡಿದುಕೊಂಡವು. ತಮ್ಮ ಮಂಡಳಿ ಅದಕ್ಕೆ ‘ವಂಶಪಾರಂಪರ್ಯ ಕೀಲುಬೇನೆ’ ಎಂದು ಹೆಸರಿಟ್ಟು ಅವಳ ಹಾರಾಟವನ್ನೇ ನಿಲ್ಲಿಸಿದೆ. ಆ ವಂಶದ ಹಿರಿಯ ನಾನು.

ಆ ತೀರ್ಮಾನಕ್ಕೆ ತಮ್ಮ ಸಾಕ್ಷಿಯೂ ನಾನೇ ಎಂದು ತಿಳಿದದ್ದು ಹೋದ ವಾರ, ಆದೇಶದ ಪ್ರತಿ ಓದಿದಾಗ. ಆಷಾಢದಲ್ಲಿ ತಮ್ಮ ಕಡೆಯವರೊಬ್ಬರು ವಿಚಾರಣೆಗೆಂದು ನಮ್ಮೂರು ಬಿಳಿಗೆರೆಗೆ ಬಂದಿದ್ದರು. “ಮನೇಲಿ ಯಾರಿಗಾದ್ರೂ ಕೀಲುನೋವು ಇದ್ಯಾ, ಯಜಮಾನ್ರೇ?” ಎಂದರು.

“ಯಾರಿಗಿಲ್ಲ ಅಂತ ಕೇಳಿ ಸಾರ್! ನಮ್ಮಪ್ಪಂಗೆ ಭುಜ, ನಂಗೆ ಮಂಡಿ, ನಮ್ಮನೇವ್ಳಿಗೆ ಸೊಂಟ,” ಎಂದೆ, ಆಸ್ತಿ ಹೇಳಿಕೊಳ್ಳುವವನ ಹಾಗೆ.

ಒಳಗಿನಿಂದ ನನ್ನ ಹೆಂಡತಿ ಗಿರಿಜಾಂಬಿಕಾ, “ಕಾಯಿ ಸುಲ್ದು ಸುಲ್ದು ಬಂದಿದ್ದು ಅಂತ ಬರ್ಕೊಳ್ಳೋಕೆ ಹೇಳ್ರೀ, ಬಡಾಯಿ ಕೊಚ್ಕೋಬೇಡಿ!” ಎಂದು ಕೂಗಿದಳು. ಬಂದವರು ನಕ್ಕರು. ಬರೆದುಕೊಳ್ಳಲಿಲ್ಲ.

ಸ್ವಾಮಿ, ನೆಟ್ಟ ಹಾರೆಗೆ ಕುಕ್ಕಿ ದಿನಕ್ಕೆ ಸಾವಿರ ತೆಂಗಿನಕಾಯಿ ಸುಲಿದವರ ಭುಜ ನೋಯದೆ ಇನ್ನೇನು ಮಾಡೀತು? ಸೌಂದರ್ಯ ಈವರೆಗೆ ಒಂದು ಕಾಯಿ ಸುಲಿದವಳಲ್ಲ. ಹಾರೆಯೂ ರಕ್ತದಲ್ಲಿ ಇಳಿದು ಬರುತ್ತದೆಂದು ತಾವು ಯಾವ ಪುಸ್ತಕದಲ್ಲಿ ಓದಿದಿರಿ? ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ಅಂಥ ದೊಡ್ಡ ಓದು ನನಗಿಲ್ಲ. ಆದರೂ ತಿಪಟೂರಿನ ಗ್ರಂಥಾಲಯದಲ್ಲಿ ಕೂತು ತಿಳಿದುಕೊಂಡೆ: ಒತ್ತಡ ಥಟ್ಟನೆ ತಗ್ಗಿದರೆ ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಯಾಗಿ ಎದ್ದು ಕೀಲುಗಳನ್ನು ಹಿಂಡುತ್ತದೆ. ಬಲಿತ ಎಳನೀರಿಗೆ ಮಚ್ಚಿನ ಮೊನೆ ತಾಗಿಸಿದಾಗ ನೀರು ನೊರೆಯಾಗಿ ಮುಖಕ್ಕೆ ಚಿಮ್ಮುವುದನ್ನು ಕಂಡ ನಮ್ಮೂರಿನ ಯಾರಿಗಾದರೂ ಇದು ಅರ್ಥವಾಗುತ್ತದೆ. ತಮಗಾಗಲಿಲ್ಲ. ಮೈಮೇಲೆ ಇರುವೆ ಹರಿದಂತಾಗುತ್ತಿದೆ ಎಂದು ಅವಳು ಅಂದೇ ಹೇಳಿದ್ದಳು; ಅದೂ ಈ ಗುಳ್ಳೆಯದೇ ಲಕ್ಷಣವಂತೆ. ಗಾಳಿಯ ಒತ್ತಡ ಹೆಚ್ಚಿಸುವ ಕೋಣೆಯಲ್ಲಿಟ್ಟು ಆಮ್ಲಜನಕ ಕೊಡುವ ಬದಲು ನೋವಿನ ಮಾತ್ರೆ ನುಂಗಿಸಿ ಎರಡು ದಿನ ಕಾಯಿಸಿದಿರಿ. ಈಗ ವಿಮಾನದ ದೋಷವನ್ನೂ ತಮ್ಮ ಸೋಮಾರಿತನವನ್ನೂ ನಮ್ಮಪ್ಪನ ಭುಜಕ್ಕೆ ಹೊರಿಸಿದ್ದೀರಿ. ಅವರು ತೀರಿಕೊಂಡು ಹದಿನೆಂಟು ವರ್ಷ. ಎದ್ದು ಬಂದು ಇಲ್ಲವೆನ್ನಲಾರರು. ತಮ್ಮ ಜಾಣತನ ಮೆಚ್ಚಬೇಕು.

ಫೋನಿನಲ್ಲಿ ಸೌಂದರ್ಯಳ ಕ್ಷಮೆ ಕೇಳಿದೆ. “ನೀವು ನಿಜಾನೇ ಹೇಳಿದ್ರಿ ಬುಡಿ ದೊಡ್ಡಪ್ಪ. ಆದ್ರೆ ನಂದೇ ಕಾಯಿಲೆ ಅಂದ್ಮೇಲೆ ಆ ವಿಮಾನನ ಯಾರು ಬಿಚ್ಚಿ ನೋಡ್ತಾರೆ? ನಾಳೆ ಇನ್ನೊಬ್ರು ಅದನ್ನೇ ಹತ್ತುತಾರೆ,” ಎಂದಳು.

ಆದ್ದರಿಂದ ಮೊದಲು ಆ ವಿಮಾನವನ್ನು ನಿಲ್ಲಿಸಿ. ಆಮೇಲೆ ‘ವಂಶಪಾರಂಪರ್ಯ’ವನ್ನು ಹೊಡೆದುಹಾಕಿ, ಒತ್ತಡ ಕುಸಿದದ್ದನ್ನೂ ಚಿಕಿತ್ಸೆ ತಡವಾದದ್ದನ್ನೂ ಬರೆದು, ಅವಳನ್ನು ಹೊಸದಾಗಿ ಪರೀಕ್ಷಿಸಿ. ಅದೇ ವಿಮಾನದಿಂದ ಇನ್ನೊಂದು ಮನೆಯ ಮಗು ನರಳುತ್ತ ಇಳಿದರೆ, ಆ ಮನೆಯ ತಾತನ ಮಂಡಿ ವಿಚಾರಿಸಲು ಜನ ಕಳಿಸಬೇಡಿ.

ಇಂತಿ,
ಕೇಳಿದ್ದಕ್ಕಿಂತ ಹೆಚ್ಚು ಹೇಳಿ ಮಗಳನ್ನು ನೆಲಕ್ಕಿಳಿಸಿದ ದೊಡ್ಡಪ್ಪ,
ಮರುಳಸಿದ್ದಯ್ಯ, ಬಿಳಿಗೆರೆ